ಟೆನ್ನಿಸ್ ಎಂಬ ಹೆಸರಿನ ಟೇಕ್ವಾಂಡೊ ತಾರೆ

2021ರ ಜುಲೈ 24ರಂದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಮೀರಾಬಾಯಿ ಚಾನು ಅವರ ಹೆಸರೇ ಇತ್ತು. ಟೋಕಿಯೊ ಒಲಿಂಪಿಕ್ಸ್‌ನ ಮೊದಲ ಪದಕದ ದಿನವೇ ವೇಟ್‌ಲಿಫ್ಟಿಂಗ್‌ನ 49 ಕೆ.ಜಿ. ವಿಭಾಗದಲ್ಲಿ ಬಂದ ಆ ಬೆಳ್ಳಿಯ ಸಂಭ್ರಮದಲ್ಲಿ, ಅದೇ ದಿನ ಅದೇ 49 ಕೆ.ಜಿ. ತೂಕದ ಇನ್ನೊಬ್ಬ ಏಷ್ಯನ್ ಯುವತಿ ತನ್ನ ದೇಶದ ಹದಿನೇಳು ವರ್ಷಗಳ ಕಾಯುವಿಕೆಯನ್ನು ಒಂದೇ ಒದೆತದಲ್ಲಿ ಮುಗಿಸಿದ್ದು ನಮ್ಮ ಗಮನಕ್ಕೆ ಬರಲಿಲ್ಲ. ನನ್ನ ಗಮನಕ್ಕೂ ಬಂದದ್ದು ತಡವಾಗಿಯೇ. ಆ ಯುವತಿಯ ಹೆಸರು ಪಾನಿಪಾಕ್ ವಾಂಗ್‌ಪಟ್ಟನಕಿತ್, ದೇಶ ಥಾಯ್ಲೆಂಡ್, ಕ್ರೀಡೆ ಮುಖ್ಯವಾಗಿ ಒದೆತಗಳಿಂದ ಪಾಯಿಂಟ್ ಗಳಿಸುವ ಕೊರಿಯಾದ ಸಮರಕಲೆ ಟೇಕ್ವಾಂಡೊ. ಅವರ ಪಂದ್ಯಗಳನ್ನು ಹುಡುಕಿ ನೋಡಲಾರಂಭಿಸಿದ ಮೇಲೆ, ಒಬ್ಬ ಕ್ರೀಡಾಪಟುವಿನ ಸಾಧನೆ ಮತ್ತು ಜನಪ್ರಿಯತೆ ಎಂಬೆರಡು ಸಂಗತಿಗಳು ಎಷ್ಟು ಬೇರೆ ಬೇರೆ ವೇಗದಲ್ಲಿ ನಡೆಯುತ್ತವೆ ಎಂಬುದನ್ನು ಇವರ ಬದುಕಿನಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ಥಾಯ್ಲೆಂಡಿನಲ್ಲಿ ಅವರನ್ನು ಪೂರ್ಣ ಹೆಸರಿನಿಂದ ಕರೆಯುವವರು ಕಡಿಮೆ. ಅಲ್ಲಿ ಪ್ರತಿಯೊಬ್ಬರಿಗೂ ಮನೆಯಲ್ಲಿಟ್ಟ ಒಂದು ಚಿಕ್ಕ ಹೆಸರು ಇರುತ್ತದೆ, ಮತ್ತು ಊರೂ ಪತ್ರಿಕೆಗಳೂ ಅದನ್ನೇ ಬಳಸುತ್ತವೆ. ದಕ್ಷಿಣ ಥಾಯ್ಲೆಂಡಿನ ಸೂರತ್ ಥಾನಿ ಪ್ರಾಂತ್ಯದಲ್ಲಿ 1997ರ ಆಗಸ್ಟ್ 8ರಂದು ಹುಟ್ಟಿದ ಪಾನಿಪಾಕ್ ಅವರ ಮನೆಹೆಸರು ಟೆನ್ನಿಸ್. ಅಕ್ಕನ ಹೆಸರು ಬೌಲಿಂಗ್, ಅಣ್ಣನ ಹೆಸರು ಬೇಸ್‌ಬಾಲ್. ಮಕ್ಕಳು ಆಟಗಾರರಾಗಬೇಕೆಂಬ ಆಸೆ ಆ ಮನೆಯಲ್ಲಿ ಎಷ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಟೆನ್ನಿಸ್ ಎಂದು ಹೆಸರಿಟ್ಟ ಮಗಳು ರ‍್ಯಾಕೆಟ್ ಬಿಟ್ಟು ಎದೆಕವಚ ಕಟ್ಟಿಕೊಂಡಳು. ಇಂದು ಇಡೀ ದೇಶ ಅವರನ್ನು ‘ನಾಂಗ್ ಟೆನ್ನಿಸ್’ ಎಂದು, ಅಂದರೆ ಮನೆಯ ತಂಗಿಯನ್ನು ಕರೆಯುವ ಸಲುಗೆಯಲ್ಲಿ, ಕರೆಯುತ್ತದೆ.

ಅವರ ಆಟದ ಬಗ್ಗೆ ಹೇಳುವ ಮೊದಲು 49 ಕೆ.ಜಿ. ಎಂಬ ಅಂಕಿಯ ಬಗ್ಗೆ ಒಂದಿಷ್ಟು ಹೇಳಬೇಕು. ಟೇಕ್ವಾಂಡೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರಿಗೆ ಎಂಟು ತೂಕದ ವಿಭಾಗಗಳಿದ್ದರೆ ಒಲಿಂಪಿಕ್ಸ್‌ನಲ್ಲಿ ಇರುವುದು ನಾಲ್ಕೇ. ಹೀಗಾಗಿ 46 ಕೆ.ಜಿ.ಯ ವಿಶ್ವ ಚಾಂಪಿಯನ್ನರೂ 49 ಕೆ.ಜಿ.ಯ ವಿಶ್ವ ಚಾಂಪಿಯನ್ನರೂ ಒಲಿಂಪಿಕ್ಸ್‌ಗೆ ಬಂದಾಗ ಒಂದೇ ಕಣದಲ್ಲಿ ನಿಲ್ಲಬೇಕಾಗುತ್ತದೆ. ಈ ಅತಿ ಹಗುರ ವಿಭಾಗದಲ್ಲಿ ಥಾಯ್ಲೆಂಡಿಗೆ ಒಂದು ಪರಂಪರೆಯೇ ಇದೆ. 2004ರ ಅಥೆನ್ಸ್‌ನಲ್ಲಿ ಯಾವಪಾ ಬುರಪೊಲ್‌ಚಾಯ್ ಕಂಚು ಗೆದ್ದರು, 2008ರ ಬೀಜಿಂಗ್‌ನಲ್ಲಿ ಬುತ್ರಿ ಪುದ್‌ಪೊಂಗ್ ಫೈನಲ್‌ವರೆಗೆ ಹೋಗಿ ಚೀನಾದ ವು ಜಿಂಗ್ಯು ಅವರೆದುರು ಸೋತು ಬೆಳ್ಳಿಗೆ ನಿಂತರು, 2012ರ ಲಂಡನ್‌ನಲ್ಲಿ ಚನಾತಿಪ್ ಸೊಂಖಾಮ್ ಮತ್ತೆ ಕಂಚು ತಂದರು. ಮೂರು ಒಲಿಂಪಿಕ್ಸ್, ಮೂವರು ಬೇರೆ ಬೇರೆ ಹುಡುಗಿಯರು, ಒಂದೇ ತೂಕ, ಮೂರು ಪದಕ. ಚಿನ್ನವೊಂದು ಮಾತ್ರ ಇಲ್ಲ. ಪಾನಿಪಾಕ್ ಈ ಸಾಲಿನಲ್ಲಿ ನಾಲ್ಕನೆಯವರಾಗಿ ಬಂದರು, ಮತ್ತು ಬರುವಾಗಲೇ ಅವರ ಹೆಗಲ ಮೇಲೆ ಈ ಮೂರು ಪದಕಗಳ ಭಾರವಿತ್ತು.

ಈ ಮೂವರ ಹಿಂದೆಯೂ ಪಾನಿಪಾಕ್ ಅವರ ಹಿಂದೆಯೂ ಇದ್ದದ್ದು ಒಬ್ಬರೇ ಕೋಚ್, ದಕ್ಷಿಣ ಕೊರಿಯಾದಿಂದ 2002ರಲ್ಲಿ ಥಾಯ್ಲೆಂಡಿಗೆ ಬಂದ ಚೊಯ್ ಯಂಗ್‌ಸೋಕ್. ಟೇಕ್ವಾಂಡೊ ಹುಟ್ಟಿದ ನಾಡಿನಿಂದ ಬಂದು, ಆ ನಾಡಿನ ಆಟಗಾರ್ತಿಯರನ್ನೇ ಸೋಲಿಸುವ ಪಾಠವನ್ನು ಪರದೇಶದ ಮಕ್ಕಳಿಗೆ ಹೇಳಿಕೊಟ್ಟವರು ಅವರು. ಅವರ ಶಿಸ್ತು ಕಠಿಣವೆಂದೇ ಹೆಸರಾಗಿದೆ. ಆ ಬಗೆಯ ಶಿಸ್ತನ್ನು ಕಣ್ಣುಮುಚ್ಚಿ ಹೊಗಳುವವರ ಸಾಲಿಗೆ ನಾನು ಸೇರುವವನಲ್ಲ. ಗೆದ್ದವರ ಕಥೆ ಬರೆಯುವಾಗ ಕಠಿಣ ಶಿಸ್ತು ಯಾವಾಗಲೂ ಸರಿಯಾಗಿಯೇ ಕಾಣುತ್ತದೆ, ಅದರಡಿ ಬಾಡಿ ಹೋದವರ ಕಥೆಯನ್ನು ಯಾರೂ ಬರೆಯುವುದಿಲ್ಲ. ಆದರೂ ಎರಡು ದಶಕಗಳ ಕಾಲ ಒಂದೇ ಕೋಚ್ ಒಂದೇ ತಂಡದೊಂದಿಗೆ ಉಳಿದದ್ದರ ಫಲವನ್ನು ಅಲ್ಲಗಳೆಯುವಂತಿಲ್ಲ. ಪ್ರತಿ ಒಲಿಂಪಿಕ್ಸ್ ಮುಗಿದ ಕೂಡಲೇ ಕೋಚ್ ಬದಲಾಯಿಸುವ ದೇಶಗಳಲ್ಲಿ ಇಂಥ ಸಾಲು ಕಟ್ಟುವುದು ಕಷ್ಟ.

ಪಾನಿಪಾಕ್ ಅವರ ಮೊದಲ ದೊಡ್ಡ ಗೆಲುವು 2014ರ ನಾನ್‌ಜಿಂಗ್ ಯೂತ್ ಒಲಿಂಪಿಕ್ಸ್‌ನಲ್ಲಿ, 44 ಕೆ.ಜಿ. ವಿಭಾಗದಲ್ಲಿ. ಮರುವರ್ಷ ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 46 ಕೆ.ಜಿ. ಚಿನ್ನ ಗೆದ್ದಾಗ ಅವರಿಗೆ ಇನ್ನೂ ಹದಿನೆಂಟು ತುಂಬಿರಲಿಲ್ಲ. ವಿಶ್ವ ಚಾಂಪಿಯನ್ ಆದ ಮೇಲೆ ಜನಪ್ರಿಯತೆ ತಾನಾಗಿಯೇ ಬರಬೇಕೆಂದು ನಾವು ಅಂದುಕೊಳ್ಳುತ್ತೇವೆ. ಟೇಕ್ವಾಂಡೊದಂಥ ಆಟದಲ್ಲಿ ಹಾಗಾಗುವುದಿಲ್ಲ. ಈ ಕ್ರೀಡೆ ಜನರ ಕಣ್ಣಿಗೆ ಬೀಳುವುದು ನಾಲ್ಕು ವರ್ಷಕ್ಕೊಮ್ಮೆ, ಅದೂ ನಾಲ್ಕು ದಿನಗಳ ಮಟ್ಟಿಗೆ. ಒಬ್ಬ ಆಟಗಾರ್ತಿಯ ಪಾಲಿಗಂತೂ ಮೊದಲ ಸುತ್ತಿನಿಂದ ಫೈನಲ್‌ವರೆಗೆ ಎಲ್ಲವೂ ಒಂದೇ ದಿನದಲ್ಲಿ ಮುಗಿದುಹೋಗುತ್ತದೆ. ಆ ದಿನ ಹೊಟ್ಟೆ ಕೆಟ್ಟರೆ, ಕಾಲು ಉಳುಕಿದರೆ ಅಥವಾ ಮೂರು ಸೆಕೆಂಡು ಎಚ್ಚರ ತಪ್ಪಿದರೆ ಮುಂದಿನ ಅವಕಾಶಕ್ಕೆ ಮತ್ತೆ ನಾಲ್ಕು ವರ್ಷ.

2016ರ ರಿಯೊದಲ್ಲಿ ಆದದ್ದು ಈ ಮೂರನೆಯದು. ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾಳಿ ಕೊರಿಯಾದ ಕಿಮ್ ಸೊಹುಯಿ. ಹತ್ತೊಂಬತ್ತು ತುಂಬಿ ಕೆಲವೇ ದಿನಗಳಾಗಿದ್ದ ಪಾನಿಪಾಕ್ ಕೊನೆಯ ಸುತ್ತು ಮುಗಿಯುತ್ತ ಬರುವವರೆಗೂ ಮುಂದಿದ್ದರು. ಗಡಿಯಾರದಲ್ಲಿ ಇನ್ನು ಕೆಲವೇ ಸೆಕೆಂಡುಗಳು ಉಳಿದಿರುವಾಗ ಕಿಮ್ ಅವರ ಕಾಲು ತಲೆಯ ಎತ್ತರಕ್ಕೆ ಬಂದು ತಾಗಿತು. ತಲೆಗೆ ತಾಗಿದ ಒದೆತಕ್ಕೆ ಮೂರು ಪಾಯಿಂಟ್. ಪಂದ್ಯ 6-5ರಲ್ಲಿ ಕಿಮ್ ಅವರದಾಯಿತು, ಮತ್ತು ಕಿಮ್ ಅಲ್ಲಿಂದ ಮುಂದೆ ಹೋಗಿ ಚಿನ್ನವನ್ನೇ ಗೆದ್ದರು. ತನ್ನನ್ನು ಸೋಲಿಸಿದವರು ಫೈನಲ್ ತಲುಪಿದರೆ ಸೋತವರಿಗೆ ಕಂಚಿಗಾಗಿ ಮತ್ತೊಂದು ಬಾಗಿಲು ತೆರೆಯುವ ರೆಪೆಚೇಜ್ ಪದ್ಧತಿ ಟೇಕ್ವಾಂಡೊದಲ್ಲಿದೆ. ಪಾನಿಪಾಕ್ ಆ ಬಾಗಿಲಿನಿಂದ ಒಳಬಂದು ಕಂಚು ಗೆದ್ದರು.

ಅವರ ಇಡೀ ವೃತ್ತಿಬದುಕಿನಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಈ ಕಂಚು. ಚಿನ್ನಕ್ಕೆಂದು ಬಂದ ಹುಡುಗಿ, ಗೆದ್ದೇಬಿಟ್ಟೆನೆಂಬ ಪಂದ್ಯವನ್ನು ಕಣ್ಣೆದುರೇ ಕಳೆದುಕೊಂಡು, ಕಣ್ಣೀರು ಒರೆಸಿಕೊಂಡು, ಕೆಲವೇ ಗಂಟೆಗಳಲ್ಲಿ ಮತ್ತೆ ಹೆಲ್ಮೆಟ್ ಹಾಕಿಕೊಂಡು ಅದೇ ಮ್ಯಾಟಿನ ಮೇಲೆ ಮೂರನೇ ಸ್ಥಾನಕ್ಕಾಗಿ ಹೋರಾಡುವುದು ಸುಲಭವಲ್ಲ. ಅಂಥ ಪಂದ್ಯಗಳನ್ನು ಅರ್ಧ ಮನಸ್ಸಿನಿಂದ ಆಡಿ ಬರಿಗೈಯಲ್ಲಿ ಹಿಂದಿರುಗಿದವರು ಎಷ್ಟೋ ಮಂದಿ ಇದ್ದಾರೆ. ಆದರೆ ಜನಪ್ರಿಯತೆಯ ಲೆಕ್ಕದಲ್ಲಿ ಈ ಕಂಚಿಗೆ ಸಿಕ್ಕಿದ ಜಾಗ ಚಿಕ್ಕದು. ರಿಯೊದಲ್ಲಿ ಥಾಯ್ಲೆಂಡ್ ವೇಟ್‌ಲಿಫ್ಟಿಂಗ್‌ನಲ್ಲಿ ಎರಡು ಚಿನ್ನ ಗೆದ್ದಿತ್ತು. ಟೇಕ್ವಾಂಡೊದಲ್ಲೇ ತಾವಿನ್ ಹಾನ್‌ಪ್ರಾಬ್ ಪುರುಷರ 58 ಕೆ.ಜಿ.ಯಲ್ಲಿ ಬೆಳ್ಳಿ ಗೆದ್ದಿದ್ದರು. ಕಂಚಿನ ಹುಡುಗಿ ಗುಂಪಿನ ಫೋಟೊದಲ್ಲಿ ಒಬ್ಬಳಾಗಿ ನಿಂತಳು.

ಅಲ್ಲಿಂದ ಟೋಕಿಯೊವರೆಗಿನ ಐದು ವರ್ಷಗಳಲ್ಲಿ ಎರಡು ಸಂಗತಿಗಳು ಬದಲಾದವು. ಮೊದಲನೆಯದು ಆಟದ ನಿಯಮ. ರಿಯೊದಲ್ಲಿ ಎದೆಕವಚಕ್ಕೆ ತಾಗಿದ ಸಾಮಾನ್ಯ ಒದೆತಕ್ಕೆ ಒಂದೇ ಪಾಯಿಂಟ್ ಸಿಗುತ್ತಿತ್ತು. 2017ರ ನಂತರ ಅದು ಎರಡಾಯಿತು. ಗುದ್ದಿಗೆ ಒಂದು, ತಲೆಗೆ ಮೂರು, ತಿರುಗಿ ಒದ್ದರೆ ಇನ್ನೂ ಹೆಚ್ಚು. ಮುಂಗಾಲನ್ನು ಗಾಳಿಯಲ್ಲೇ ಎತ್ತಿ ಹಿಡಿದು, ಎದುರಾಳಿಯ ಕಾಲನ್ನು ತಡೆಯುತ್ತ ಸಂದಿಗಾಗಿ ಕಾಯುವ ಈಗಿನ ಶೈಲಿಯನ್ನು ಅನೇಕರು ಕಾಲಿನ ಕತ್ತಿವರಸೆ ಎಂದು ಹೀಗಳೆಯುತ್ತಾರೆ. ಕಾಲುಚೀಲದಲ್ಲೂ ಎದೆಕವಚದಲ್ಲೂ ಅಳವಡಿಸಿದ ಸೆನ್ಸರುಗಳು ನಿಗದಿತ ಬಲದೊಂದಿಗೆ ಪರಸ್ಪರ ತಾಗಿದರೆ ಸಾಕು, ಪಾಯಿಂಟ್ ತಾನಾಗಿ ಬೀಳುತ್ತದೆ ಎಂಬ ಕಾರಣಕ್ಕೆ ಹುಟ್ಟಿದ ಶೈಲಿ ಅದು. ಆ ಟೀಕೆಯಲ್ಲಿ ಸತ್ಯವಿದೆ. ಹಳೆಯ ಪಂದ್ಯಗಳ ರಭಸ ಈಗಿನದರಲ್ಲಿ ಇಲ್ಲ. ಆದರೆ ಅವರ ತೂಕದವರ ನಡುವೆ ಎತ್ತರವಾಗಿ, ಉದ್ದ ಕಾಲುಗಳೊಡನೆ ನಿಲ್ಲುವ ಪಾನಿಪಾಕ್ ಆ ಶೈಲಿಯನ್ನು ಆಡುವುದನ್ನು ನೋಡಿದಾಗ ಅದರೊಳಗೂ ಒಂದು ಲೆಕ್ಕಾಚಾರದ ಸೊಗಸಿದೆ ಎಂದು ಒಪ್ಪಬೇಕಾಗುತ್ತದೆ: ಎತ್ತಿದ ಕಾಲು ಕೆಳಗಿಳಿಯುವುದಿಲ್ಲ, ಎದುರಾಳಿ ಒಳನುಗ್ಗುವ ಕ್ಷಣಕ್ಕೆ ಮೊಣಕಾಲಿನಿಂದ ಕೆಳಗಿನ ಭಾಗ ಮಾತ್ರ ಚಾಟಿಯಂತೆ ಬಿಚ್ಚಿಕೊಳ್ಳುತ್ತದೆ, ತಾಗಿದ ಮೇಲೂ ಅದೇ ಕಾಲು ಮತ್ತೆ ಮೇಲೆಯೇ ಇರುತ್ತದೆ. ಅಷ್ಟು ಹೊತ್ತು ಒಂದೇ ಕಾಲಿನಲ್ಲಿ ಹಿಂದೆ ಮುಂದೆ ಜಿಗಿಯುತ್ತ ನಿಲ್ಲುವುದಕ್ಕೆ ಬೇಕಾದ ಸೊಂಟದ ಬಲ ಒಂದೆರಡು ವರ್ಷದಲ್ಲಿ ಬರುವಂಥದ್ದಲ್ಲ.

ಎರಡನೆಯದು ದೇಶದ ಪರಿಸ್ಥಿತಿ. ಉದ್ದೀಪನ ಮದ್ದಿನ ಪ್ರಕರಣಗಳಿಂದಾಗಿ ಥಾಯ್ಲೆಂಡಿನ ವೇಟ್‌ಲಿಫ್ಟಿಂಗ್ ತಂಡ ಟೋಕಿಯೊಗೆ ಹೋಗುವಂತಿರಲಿಲ್ಲ. ರಿಯೊದ ಎರಡೂ ಚಿನ್ನ ಬಂದಿದ್ದ ಕ್ರೀಡೆಯೇ ಪಟ್ಟಿಯಿಂದ ಹೊರಗೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 2019ರ ಮ್ಯಾಂಚೆಸ್ಟರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 49 ಕೆ.ಜಿ. ಚಿನ್ನ ಗೆದ್ದು ವಿಶ್ವದ ಅಗ್ರ ಶ್ರೇಯಾಂಕದಲ್ಲಿದ್ದ ಪಾನಿಪಾಕ್ ಮೇಲೆ ಈಗ ಇಡೀ ದೇಶದ ಕಣ್ಣು. ಸಾಲದೆಂಬಂತೆ ಕೊರೊನಾ ಬಂದು ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋಯಿತು. ಬೆಳೆಯುವ ವಯಸ್ಸಿನಲ್ಲಿ 44ರಿಂದ 46ಕ್ಕೆ, 46ರಿಂದ 49ಕ್ಕೆ ಏರಿದವರಿಗೆ ಇನ್ನೊಂದು ವರ್ಷ ಅದೇ 49ರೊಳಗೆ ದೇಹವನ್ನು ಹಿಡಿದಿಡುವುದೆಂದರೆ ಏನೆಂಬುದು ತೂಕದ ಆಟ ಆಡಿದವರಿಗೆ ಗೊತ್ತು.

ಟೋಕಿಯೊದ ಫೈನಲ್ ನಡೆದದ್ದು ಚಿಬಾದ ಮಕುಹಾರಿ ಮೆಸ್ಸೆ ಸಭಾಂಗಣದಲ್ಲಿ, ಪ್ರೇಕ್ಷಕರಿಲ್ಲದೆ. ಎದುರಾಳಿ ಸ್ಪೇನ್‌ನ ಆದ್ರಿಯಾನಾ ಸೆರೆಸೊ, ವಯಸ್ಸು ಹದಿನೇಳು. ಈ ಹುಡುಗಿ ಅದೇ ದಿನ ಕ್ವಾರ್ಟರ್‌ಫೈನಲ್‌ನಲ್ಲಿ ಎರಡು ಬಾರಿಯ ಒಲಿಂಪಿಕ್ ಚಾಂಪಿಯನ್ ವು ಜಿಂಗ್ಯು ಅವರನ್ನು 33-2ರಿಂದ ಮಣಿಸಿ ಬಂದಿದ್ದಳು. ಬೀಜಿಂಗ್‌ನಲ್ಲಿ ಥಾಯ್ಲೆಂಡಿನ ಚಿನ್ನವನ್ನು ತಡೆದಿದ್ದ ಅದೇ ವು. ಸೆರೆಸೊ ಆಟದಲ್ಲಿ ಅಳುಕೆಂಬುದೇ ಇರಲಿಲ್ಲ. ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದವರು ಆಡುವ ಹಾಗೆ ಅವರು ನುಗ್ಗಿ ಆಡಿದರು. ಪಾನಿಪಾಕ್ ಆಡಿದ್ದು ಅದಕ್ಕೆ ತದ್ವಿರುದ್ಧವಾಗಿ. ಕೊನೆಯ ಸುತ್ತಿನ ಕೊನೆಯಲ್ಲಿ ಸ್ಕೋರು 10-9, ಮುಂದಿದ್ದವರು ಸ್ಪೇನ್‌ನ ಹುಡುಗಿ, ಉಳಿದ ಸಮಯ ಹತ್ತು ಸೆಕೆಂಡಿಗಿಂತ ಕಡಿಮೆ. ರಿಯೊದ ಚಿತ್ರ ತಲೆಕೆಳಗಾಗಿ ಮತ್ತೆ ಎದುರಿಗೆ ನಿಂತಿತ್ತು. ಪಾನಿಪಾಕ್ ಅವರ ಕಾಲು ಎದುರಾಳಿಯ ಎದೆಕವಚಕ್ಕೆ ತಾಗಿತು, ಎರಡು ಪಾಯಿಂಟ್ ಬಿತ್ತು, 11-10. ಐದು ವರ್ಷ ಹಿಂದಿನ ನಿಯಮದಲ್ಲಾಗಿದ್ದರೆ ಆ ಒದೆತಕ್ಕೆ ಸಿಗುತ್ತಿದ್ದದ್ದು ಒಂದೇ ಪಾಯಿಂಟ್. ಹಳೆಯ ನಿಯಮದಲ್ಲಿ ಪಂದ್ಯವೇ ಬೇರೆ ದಾರಿ ಹಿಡಿಯುತ್ತಿತ್ತು ಎನ್ನಬಹುದು, ಹಾಗಾಗಿ ಈ ಲೆಕ್ಕವನ್ನು ಎಳೆಯುತ್ತ ಹೋಗುವುದರಲ್ಲಿ ಅರ್ಥವಿಲ್ಲ. ಆದರೂ ಚರಿತ್ರೆ ಎಂಥ ಸಣ್ಣ ತಿದ್ದುಪಡಿಯ ಮೇಲೆ ನಿಂತಿರುತ್ತದೆ ಎಂದು ನನಗೆ ಅನ್ನಿಸದೆ ಇರಲಿಲ್ಲ.

ಥಾಯ್ಲೆಂಡಿಗೆ ಟೇಕ್ವಾಂಡೊದಲ್ಲಿ ಅದೇ ಮೊದಲ ಒಲಿಂಪಿಕ್ ಚಿನ್ನ. ಟೋಕಿಯೊದಲ್ಲಿ ಆ ದೇಶಕ್ಕೆ ಬಂದ ಒಂದೇ ಒಂದು ಚಿನ್ನವೂ ಅದೇ. ರಿಯೊದಿಂದ ಗುಂಪಿನ ಫೋಟೊದಲ್ಲಿ ಬಂದಿದ್ದವರು ಈ ಸಲ ಒಬ್ಬರೇ ಮುಖಪುಟ ತುಂಬಿದರು. ಕೊರೊನಾ ನಿಯಮಗಳಿಂದಾಗಿ ಅವರು ನೇರ ರಾಜಧಾನಿಗೆ ಹೋಗದೆ ಫುಕೆಟ್ ದ್ವೀಪಕ್ಕೆ ಬಂದಿಳಿದರು, ಸ್ವಾಗತವೂ ಅಂತರ ಕಾಯ್ದುಕೊಂಡೇ ನಡೆಯಿತು. ಒಲಿಂಪಿಕ್ ಪದಕ ಗೆದ್ದವರಿಗೆ ಸರ್ಕಾರದ ಕ್ರೀಡಾ ನಿಧಿಯಿಂದಲೂ ಖಾಸಗಿ ಕಂಪನಿಗಳಿಂದಲೂ ನಗದು ಬಹುಮಾನ ಕೊಡುವ ಪದ್ಧತಿ ಅಲ್ಲಿ ಗಟ್ಟಿಯಾಗಿದೆ, ಅದೆಲ್ಲವೂ ಬಂತು. ಲಾಕ್‌ಡೌನ್, ಸಾವುನೋವು, ಮುಚ್ಚಿದ ಪ್ರವಾಸೋದ್ಯಮದಿಂದ ಕಂಗೆಟ್ಟಿದ್ದ ದೇಶಕ್ಕೆ ಆ ದಿನಗಳಲ್ಲಿ ಸಂತೋಷಪಡಲು ಒಂದು ನೆಪ ಬೇಕಿತ್ತು, ಅದು ಪಾನಿಪಾಕ್ ಅವರ ರೂಪದಲ್ಲಿ ಸಿಕ್ಕಿತು. ಅವರ ಜನಪ್ರಿಯತೆಯಲ್ಲಿ ಅವರ ಕಾಲಿನ ಪಾಲೆಷ್ಟು, ಕಾಲಮಾನದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಎರಡೂ ಇದ್ದವು.

ವಿಶೇಷವೆಂದರೆ ಆ ಪ್ರೀತಿ ಕೋಚ್ ಚೊಯ್ ಅವರಿಗೂ ಹರಿಯಿತು. ಅವರನ್ನು ನಮ್ಮವರನ್ನಾಗಿಯೇ ಮಾಡಿಕೊಳ್ಳಬೇಕು ಎಂಬ ಮಾತು ಥಾಯ್ಲೆಂಡಿನಲ್ಲಿ ಜೋರಾಯಿತು, ಮತ್ತು 2022ರಲ್ಲಿ ಅವರಿಗೆ ಥಾಯ್ ಪೌರತ್ವ ದೊರೆಯಿತು. ಶಿಷ್ಯೆಯ ಗೆಲುವಿನಿಂದ ಗುರುವಿಗೆ ಪೌರತ್ವ ಸಿಕ್ಕ ಪ್ರಸಂಗಗಳು ಕ್ರೀಡಾಲೋಕದಲ್ಲಿ ಹೆಚ್ಚಿಲ್ಲ.

ಟೋಕಿಯೊ ನಂತರದ ಮೂರು ವರ್ಷಗಳನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ಆ ಅವಧಿಯಲ್ಲಿ 49 ಕೆ.ಜಿ.ಯ ವಿಶ್ವ ಪ್ರಶಸ್ತಿ 2022ರಲ್ಲಿ ಮೆಕ್ಸಿಕೊದ ಡನಿಯೆಲಾ ಸೋಜಾ ಅವರ ಪಾಲಾಯಿತು, 2023ರಲ್ಲಿ ಟರ್ಕಿಯ ಮೆರ್ವೆ ದಿಂಚೆಲ್ ಅವರ ಪಾಲಾಯಿತು. ಹೊಸ ಹುಡುಗಿಯರು ಬಂದಿದ್ದರು. ಪಂದ್ಯದ ಸ್ವರೂಪವೂ ಬದಲಾಗಿ, ಮೂರು ಸುತ್ತಿನ ಒಟ್ಟು ಪಾಯಿಂಟ್ ಎಣಿಸುವ ಬದಲು ಪ್ರತಿ ಸುತ್ತನ್ನೂ ಬೇರೆಯಾಗಿ ಪರಿಗಣಿಸಿ, ಎರಡು ಸುತ್ತು ಗೆದ್ದವರೇ ವಿಜೇತರು ಎಂಬ ಪದ್ಧತಿ ಬಂತು. ಹಿಂದೆ ಬಿದ್ದು ಕೊನೆಗೆ ಹಿಡಿಯುವ ಆಟಗಾರ್ತಿಗೆ ಇದು ಒಳ್ಳೆಯ ಸುದ್ದಿಯಲ್ಲ, ಏಕೆಂದರೆ ಮೊದಲ ಸುತ್ತಿನಲ್ಲಿ ಕಳೆದದ್ದನ್ನು ಮೂರನೆಯದರಲ್ಲಿ ಬಡ್ಡಿಸಮೇತ ವಸೂಲು ಮಾಡುವ ದಾರಿ ಮುಚ್ಚಿಹೋಯಿತು. ದೇಹದಲ್ಲಿ ಗಾಯಗಳೂ ಕೂಡಿಕೊಂಡಿದ್ದವು. 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮತ್ತೆ ಚಿನ್ನ ಗೆದ್ದರೂ, ಪ್ಯಾರಿಸ್ಸೇ ಕೊನೆ ಎಂಬುದು ಅವರಿಗೆ ನಿಶ್ಚಿತವಾಗಿತ್ತು.

ಪ್ಯಾರಿಸ್‌ನಲ್ಲಿ ಅವರ ದಿನ 2024ರ ಆಗಸ್ಟ್ 7. ಮಾರನೆಯ ದಿನ ಅವರಿಗೆ ಇಪ್ಪತ್ತೇಳು ತುಂಬುವುದಿತ್ತು. ಕಾಕತಾಳೀಯವೆಂದರೆ ಅಂದೇ ಮೀರಾಬಾಯಿ ಚಾನು ಅವರ ಸ್ಪರ್ಧೆಯೂ ಇತ್ತು. ಚಾನು ಒಟ್ಟು 199 ಕೆ.ಜಿ. ಎತ್ತಿ ನಾಲ್ಕನೆಯವರಾದರು, 200 ಕೆ.ಜಿ. ಎತ್ತಿ ಕಂಚು ಗೆದ್ದವರು ಥಾಯ್ಲೆಂಡಿನವರೇ ಆದ ಸುರೊದ್‌ಚನಾ ಖಂಬಾವ್. ಹೀಗಾಗಿ ಈ ಬಾರಿಯೂ ನಮ್ಮಲ್ಲಿ ಪಾನಿಪಾಕ್ ಬಗ್ಗೆ ಯಾರೂ ಮಾತಾಡಲಿಲ್ಲ, ಮಾತಾಡುವ ಮನಸ್ಥಿತಿಯಲ್ಲೂ ನಾವಿರಲಿಲ್ಲ. ಗ್ರಾಂ ಪ್ಯಾಲೇಯ ಗಾಜಿನ ಚಾವಣಿಯ ಕೆಳಗೆ, ಟೋಕಿಯೊದ ಖಾಲಿ ಸಭಾಂಗಣಕ್ಕೆ ಪೂರ್ತಿ ವಿರುದ್ಧವೆಂಬಂತೆ ತುಂಬಿ ತುಳುಕುತ್ತಿದ್ದ ಪ್ರೇಕ್ಷಕರ ನಡುವೆ, ಪಾನಿಪಾಕ್ ಫೈನಲ್‌ನಲ್ಲಿ ಚೀನಾದ ಗುವೊ ಚಿಂಗ್ ಅವರನ್ನು 2-1 ಸುತ್ತುಗಳಿಂದ ಸೋಲಿಸಿದರು. ಮೊದಲ ಸುತ್ತು ಗೆದ್ದು, ಎರಡನೆಯದು ಕಳೆದುಕೊಂಡು, ಮೂರನೆಯದರಲ್ಲಿ ಎದುರಾಳಿಗೆ ಉಸಿರಾಡಲು ಬಿಡದೆ ಆಡಿದರು. ಕೊನೆಯ ಸೆಕೆಂಡುಗಳ ನಾಟಕ ಈ ಸಲ ಬೇಕಾಗಲಿಲ್ಲ.

ಗೆಲುವಿನ ಬಳಿಕ ಅವರೂ ಚೊಯ್ ಅವರೂ ಮ್ಯಾಟಿನ ಪಕ್ಕದಲ್ಲಿ ಎದುರುಬದುರಾಗಿ ಮಂಡಿಯೂರಿ ಒಬ್ಬರಿಗೊಬ್ಬರು ತಲೆಬಾಗಿ ನಮಸ್ಕರಿಸಿದರು. ಶಿಷ್ಯೆ ಗುರುವಿನ ಕಾಲಿಗೆ ಬೀಳುವುದು ನಮಗೇನೂ ಹೊಸದಲ್ಲ. ಗುರುವೂ ಅಷ್ಟೇ ಕೆಳಗೆ ಬಾಗಿದ್ದು ನನ್ನ ಗಮನ ಸೆಳೆಯಿತು. ಕಠಿಣ ಶಿಸ್ತಿನ ಬಗ್ಗೆ ನಾನು ಮೇಲೆ ಎತ್ತಿದ ಅನುಮಾನ ಇದರಿಂದ ಪೂರ್ತಿ ಹೋಗಲಿಲ್ಲ, ಆದರೆ ಅವರಿಬ್ಬರ ನಡುವೆ ಬರಿಯ ಶಿಸ್ತಷ್ಟೇ ಇರಲಿಲ್ಲ ಎಂಬುದು ಆ ಚಿತ್ರದಲ್ಲಿ ಕಾಣುತ್ತದೆ.

ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಮೊದಲ ಥಾಯ್ ಕ್ರೀಡಾಪಟು ಅವರು. ಪ್ಯಾರಿಸ್‌ನಲ್ಲೂ ಥಾಯ್ಲೆಂಡಿಗೆ ಬಂದದ್ದು ಅದೊಂದೇ ಚಿನ್ನ. ಅಂದರೆ ಎರಡು ಒಲಿಂಪಿಕ್ಸ್‌ಗಳಲ್ಲಿ ಆ ದೇಶದ ಚಿನ್ನದ ಖಾತೆ ಪೂರ್ತಿ ಒಬ್ಬಳೇ ಹುಡುಗಿಯ ಹೆಸರಿನಲ್ಲಿದೆ. ಆ ಗೆಲುವಿನೊಂದಿಗೇ ಅವರು ನಿವೃತ್ತರಾದರು. ಇಪ್ಪತ್ತೇಳಕ್ಕೆ ನಿವೃತ್ತಿಯೆಂದರೆ ಬೇಗವಾಯಿತೆಂದು ಕ್ರಿಕೆಟ್ ನೋಡಿ ಬೆಳೆದ ನಮಗೆ ಅನ್ನಿಸಬಹುದು. ಬಾಲ್ಯದಿಂದ ಸೊಂಟ, ಮಂಡಿ, ಪಾದಗಳ ಮೇಲೆ ಬಿದ್ದ ಪೆಟ್ಟು ಮತ್ತು ವರ್ಷಕ್ಕೆ ಹಲವು ಬಾರಿ ತೂಕ ಇಳಿಸುವ ಕಷ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದು ಬೇಗವಲ್ಲ.

ಸೆರೆಸೊ ಅವರ ಕಥೆ ಇದರ ಇನ್ನೊಂದು ಮಗ್ಗುಲು. ಟೋಕಿಯೊದಲ್ಲಿ ಸ್ಪೇನ್‌ಗೆ ಮೊದಲ ಪದಕ ತಂದು ಹದಿನೇಳಕ್ಕೇ ಮನೆಮಾತಾದ ಆ ಹುಡುಗಿ ಪ್ಯಾರಿಸ್‌ಗೆ ಬರುವಾಗ ದೊಡ್ಡ ನಿರೀಕ್ಷೆಯನ್ನು ಹೊತ್ತು ಬಂದಿದ್ದರು, ಪದಕವಿಲ್ಲದೆ ಹಿಂದಿರುಗಿದರು. ಅವರಿಗೆ ಜನಪ್ರಿಯತೆ ಮೊದಲು ಬಂತು, ಪಾನಿಪಾಕ್ ಅವರಿಗೆ ಸಾಧನೆ ಮೊದಲು ಬಂತು. ಇಬ್ಬರಲ್ಲಿ ಯಾರ ದಾರಿ ಸುಲಭವೆಂದು ಕೇಳಿದರೆ ನಾನು ಹಿಂದುಮುಂದು ನೋಡದೆ ಪಾನಿಪಾಕ್ ಅವರದು ಎನ್ನುತ್ತೇನೆ. ಯಾರೂ ನೋಡದೆ ಇರುವಾಗ ಸೋಲುವ, ಕಲಿಯುವ, ಮತ್ತೆ ಬರುವ ಅವಕಾಶ ಅವರಿಗಿತ್ತು. ಸೆರೆಸೊ ಈಗ ಅದನ್ನೆಲ್ಲ ಎಲ್ಲರ ಕಣ್ಣೆದುರು ಮಾಡಬೇಕು. 2028ರ ಲಾಸ್ ಏಂಜಲೀಸ್‌ನಲ್ಲಿ ಅವರಿಗೆ ಇನ್ನೂ ಇಪ್ಪತ್ತನಾಲ್ಕು ಎಂಬುದು ಸಮಾಧಾನದ ಸಂಗತಿ.

ಪಾನಿಪಾಕ್ ಅವರ ಆಟವನ್ನು ಮೊದಲ ಸಲ ನೋಡಲು ಹೊರಟವರು ಸಾಮಾನ್ಯವಾಗಿ ಟೋಕಿಯೊದ ಆ ಕೊನೆಯ ಒದೆತವನ್ನು ಮಾತ್ರ ನೋಡಿ ಮುಗಿಸುತ್ತಾರೆ. ರಿಯೊದ ಕ್ವಾರ್ಟರ್‌ಫೈನಲ್ ಮೊದಲು ನೋಡಿ, ಆಮೇಲೆ ಅದೇ ದಿನದ ಕಂಚಿನ ಪಂದ್ಯ ನೋಡಿ, ಟೋಕಿಯೊಗೆ ಅದಾದ ಮೇಲೆ ಬನ್ನಿ ಎಂದು ನಾನು ಹೇಳುತ್ತೇನೆ. 10-9ರಲ್ಲಿ ಹಿಂದೆ ಬಿದ್ದಾಗಲೂ ಆ ಮುಖದಲ್ಲಿ ಗಾಬರಿ ಯಾಕಿರಲಿಲ್ಲ ಎಂಬುದು ಆಗ ತಿಳಿಯುತ್ತದೆ.